ಯಾರು ಅಂತಾರೆ?

ಕುಡತಿನಿ ಹೈಸ್ಕೂಲು, ಒಂಬತ್ತನೇ ತರಗತಿ ‘ಬಿ’,
ನಲವತ್ತೊಂದು ಪ್ರಬಂಧ, ಒಂದು ಕೆಂಪು ರೀಫಿಲ್ಲು,
ಕರೆಂಟು ಹೋಗಿ, ಬಂದು, ಹೋಗಿ, ಈಗ ಬಂದಿದೆ.

ವಿಷಯ ನಾನೇ ಕೊಟ್ಟದ್ದು: ಊರಾಚೆಯ ಬೂದಿಗುಡ್ಡ
ಹೇಗಾಯಿತು? ಮೊದಲು ನಿನ್ನ ಮಾತು ಹೇಳು.
ಆಮೇಲೆ ಅದಕ್ಕೊಂದು ಆಸರೆ ಕೊಡು.
ಆಮೇಲೆ, ನಿನ್ನ ಮಾತು ಸುಳ್ಳು ಅನ್ನುವವನನ್ನು
ಒಳಗೆ ಕರೆದು, ಕೂರಿಸಿ, ನೀರು ಕೊಟ್ಟು,
ಅವನು ಹೇಳುವುದನ್ನೂ ಬರೆ.

ಮೊದಲ ಇಪ್ಪತ್ತು ಹಾಳೆಗಳಲ್ಲಿ ಗುಡ್ಡ
ರಾಕ್ಷಸನ ಚಿತೆಯ ಬೂದಿ ‘ಅಂತಾರೆ’.
ಮುಂದಿನ ಹದಿಮೂರರಲ್ಲಿ
ದನ ಸಾಕುವವರು ಸುಟ್ಟ ಸಗಣಿಯ ಬೂದಿ ‘ಅಂತಾರೆ’,
ಗೈಡಿನ ವಾಕ್ಯ, ಗೈಡಿನದೇ ಕಾಗುಣಿತ ತಪ್ಪಿನ ಸಮೇತ.
‘ಅಂತಾರೆ’ಯ ಕೆಳಗೆ ಗೆರೆ ಎಳೆದೆ, ಎಳೆದೆ,
ಬದಿಯಲ್ಲಿ ಬರೆದೆ: ಯಾರು ಅಂತಾರೆ?
ಸರಿಯುತ್ತರಕ್ಕೂ ಹಾಗೇ ಬರೆದೆ. ಅದಕ್ಕೇ
ಇಡೀ ತರಗತಿಗೆ ನನ್ನ ಮೇಲೆ ಸಿಟ್ಟು.

ನಾನೂ ಹೀಗೇ ಪಾಸಾದವಳು. ಕಂಪ್ಲಿಯಲ್ಲಿ ಹುಟ್ಟಿ,
ಹೊಳೆಯಾಚೆ ಈಚೆ ಒಡೆದ ಕಲ್ಲುಗಳನ್ನೇ ನೋಡುತ್ತ ಬೆಳೆದು,
ಸಾಮ್ರಾಜ್ಯ ಬಿದ್ದದ್ದಕ್ಕೆ ಐದು ಕಾರಣ ಬಾಯಿಪಾಠ.
ಆರನೆಯದು ಇರಬಹುದೇ ಎಂದು ಕೇಳಲು
ತೋಚಲೇ ಇಲ್ಲ.

ಎರ್ರಿಸ್ವಾಮಿ ಮಾತ್ರ ಒಂದು ಪುಟ್ಟಿ ಕುಳ್ಳು ಸುಟ್ಟಿದ್ದಾನೆ.
ಹಿತ್ತಲಲ್ಲಿ, ಭಾನುವಾರ, ಅಪ್ಪನ ಕೈಲಿ ಬೈಸಿಕೊಂಡು.
“ಇಪ್ಪತ್ತು ಕುಳ್ಳಿಗೆ ಮೂರು ಸೇರು ಬೂದಿ. ಹಂಗಾದ್ರ
ಗುಡ್ಡಕ್ಕ ಎಷ್ಟು ದನ, ಎಷ್ಟು ವರ್ಷ?” ಲೆಕ್ಕ ಎರಡು ಪುಟ,
ಗುಣಾಕಾರ ಒಂದು ಕಡೆ ತಪ್ಪಿದೆ. ಕೊನೆಯ ಸಾಲು:
“ಗುಡ್ಡದಾಗಿನ ಬೂದಿ ಕಿಟ್ಟದಂಗ ಗಟ್ಟಿ ಐತಿ,
ನನ್ನ ಬೂದಿ ಊದಿದ್ರ ಹಾರತೈತಿ.
ಯಾಕಂತ ಗೊತ್ತಿಲ್ಲ ಮೇಡಂ.”

ತನ್ನ ಮಾತಿಗೆ ತಾನೇ ತೂತು ಕೊರೆದು
ಮುಚ್ಚದೆ ತಂದುಕೊಟ್ಟ ಹುಡುಗ.
ಆ ‘ಗೊತ್ತಿಲ್ಲ’ಕ್ಕೆ ಎಷ್ಟು ಅಂಕ,
ಇಲಾಖೆಯ ಯಾವ ನೀಲನಕ್ಷೆಯಲ್ಲೂ ಇಲ್ಲ.

ಹೊನ್ನೂರಬಿ ರಾಕ್ಷಸನನ್ನು ಕೈಬಿಟ್ಟಿಲ್ಲ.
“ಹೇಳಿದವರು: ಮಗ್ಗಲ ಮನಿ ಗಾದಿಲಿಂಗಮ್ಮಜ್ಜಿ,
ವಯಸ್ಸು ಎಂಬತ್ತು, ಆಧಾರ್‌ನಾಗ ಎಪ್ಪತ್ತೆರಡು.
ಬುಧವಾರ ಸಂಜಿ, ಶೇಂಗಾ ಸುಲಿಯುತ್ತ.
ಅವರಿಗೆ ಹೇಳಿದ್ದು ಅವರ ಅತ್ತಿ.
ಇದರಿಂದ ರಾಕ್ಷಸ ಇದ್ದ ಅಂತ ಸಾಬೀತಾಗಂಗಿಲ್ಲ.
ಇಷ್ಟು ಬೂದಿ ಮಾಡೋದು ಮನುಷ್ಯರ ಕೈಲಿ ಆಗಂಗಿಲ್ಲ ಅಂತ
ಹಿಂದಿನೋರಿಗೆ ಅನಿಸಿತ್ತು, ಅಷ್ಟು ಸಾಬೀತಾಗತೈತಿ.”

ಪೆನ್ನಿಗೆ ಕ್ಯಾಪು ಹಾಕಿ
ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಕೊನೆಗೆ ಹುಲಿಗೆಮ್ಮ. ಕೊಟ್ಟ ವಿಷಯದ ಹೊರಗೇ ಇದ್ದಾಳೆ.
ಗುಡ್ಡದ ಹೆಸರೇ ಇಲ್ಲ, ಬರೀ ತಾರೀಖು:
“ಮೂರು: ಮಾಳಿಗಿ ಮ್ಯಾಲೆ ಬೂದಿ. ಅವ್ವ ಗುಡಿಸಿದಳು.
ನಾಲ್ಕು: ಗಾಳಿ ಆಕಡಿ. ಇಲ್ಲ.
ಐದು: ತೊಳೆದ ಯೂನಿಫಾರಂ ಮ್ಯಾಲೆ.
ಆರು: ಸಂಡಿಗಿ ಮ್ಯಾಲೆ. ಅವ್ವ ಅತ್ತಳು, ಸಂಡಿಗಿಗಲ್ಲ ಅಂದಳು.”
ಥರ್ಮಲ್ಲಿನ ಚಿಮಣಿ ನನ್ನ ಕಿಟಕಿಗೂ ಕಾಣುತ್ತದೆ,
ತುದಿಯಲ್ಲಿ ಕೆಂಪು ದೀಪ.
ಹುಲಿಗೆಮ್ಮ ಅದರ ಹೆಸರನ್ನೂ ಎತ್ತಿಲ್ಲ.

‘ನಿನ್ನ ವಾದ ಎಲ್ಲಿ?’ ಎಂದು ಹೋದ ವಾರ ಬರೆದಿದ್ದೆ.
ಕೆಳಗೆ ಪೆನ್ಸಿಲಿನಲ್ಲಿ ಉತ್ತರ ಬಂದಿದೆ:
“ಇನ್ನೂ ಇಲ್ಲ ಮೇಡಂ. ಸಾಕಷ್ಟು ಆಗ್ಲಿ.”

ಎದ್ದು ಕಿಟಕಿಕಟ್ಟೆಯ ಮೇಲೆ ಬೆರಳಾಡಿಸಿದೆ.
ಬೆರಳ ತುದಿ ಬೆಳ್ಳಗೆ.
ಹಿಟ್ಟೂ ಇರಬಹುದು, ಈಗಷ್ಟೇ ರೊಟ್ಟಿ ಬಡಿದ ಕೈ.
ಬಚ್ಚಲಿಗೆ ಹೋಗಿ, ಸೋಪು ಹಾಕಿ ತೊಳೆದು,
ಒರೆಸಿಕೊಂಡು ಬಂದು
ಇನ್ನೊಮ್ಮೆ ಮುಟ್ಟಿದೆ.